ಮಲೆನಾಡಿನ ಅಂಚು, ಬೆಳವಲದ ಹೊಸ್ತಿಲು: ಸಾಂಬ್ರಾ

ಬೆಳಗಾವಿಯಿಂದ ಬಾಗಲಕೋಟೆಯತ್ತ ಸಾಗುವ ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ಕ್ರಮಿಸಿದರೆ ಸಾಂಬ್ರಾ ಗ್ರಾಮವು ಎದುರಾಗುತ್ತದೆ. ಬೆಳಗಾವಿಯ ವಿಮಾನನಿಲ್ದಾಣವಿರುವುದು ಇಲ್ಲಿಯೇ. ಆದರೆ ವಿಮಾನದಿಂದಿಳಿದ ಪ್ರವಾಸಿಗನು ಒಡನೆಯೇ ವಾಹನವೇರಿ ನಗರದತ್ತ ಧಾವಿಸುವುದು ವಾಡಿಕೆ. ಬೆಳಗಾವಿಯ ಹೆಬ್ಬಾಗಿಲಾದ ಈ ಊರನ್ನು ಹಾದುಹೋದವರು ಬಹಳ. ನಿಂತು ನೋಡಿದವರು ವಿರಳ.

ಬೆಳಗಾವಿಯ ನೈಋತ್ಯಕ್ಕೆ ಖಾನಾಪುರದ ದಟ್ಟ ಕಾಡುಗಳು, ಸಹ್ಯಾದ್ರಿಯ ಜಡಿಮಳೆ, ಬತ್ತದ ಗದ್ದೆಗಳು. ಪೂರ್ವಕ್ಕೆ ಸವದತ್ತಿಯ ಕಡೆ ಮಳೆ ವಿರಳವಾಗಿ, ಎರೆಯ ಹೊಲಗಳಲ್ಲಿ ಜೋಳ ತಲೆದೂಗುತ್ತದೆ. ಮಲೆನಾಡು ಮುಗಿದು ಬೆಳವಲ ಮೊದಲಾಗುವ ಈ ನಡುವಣ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಾಂಬ್ರಾದ ವಿಶಾಲ ಬಯಲು ಹರಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆಯು ಇಲ್ಲಿ ವಿಮಾನನಿಲ್ದಾಣವನ್ನು ನಿರ್ಮಿಸಿತು. ಇಂದು ಭಾರತೀಯ ವಾಯುಪಡೆಯ ಯೋಧರ ತರಬೇತಿ ಶಾಲೆಯೂ ಇಲ್ಲಿದೆ. ನಾಗರಿಕ ಪ್ರಯಾಣಿಕರ ಹೊಸ ಕಟ್ಟಡವು 2017ರಲ್ಲಿ ಆರಂಭವಾಯಿತು.

ನೆಲದಂತೆಯೇ ಇಲ್ಲಿಯ ನುಡಿಯೂ ಎರಡರ ಸಂಗಮ. ಊರಿನ ಹೆಸರನ್ನು ಸಾಂಬ್ರಾ ಎಂದೂ ಸಾಂಬ್ರೆ ಎಂದೂ ಬರೆಯುವುದುಂಟು. ಕನ್ನಡ, ಮರಾಠಿಗಳೆರಡೂ ಇಲ್ಲಿ ಮನೆಮಾತುಗಳು. ತರಬೇತಿಗೆಂದು ದೇಶದ ಮೂಲೆಮೂಲೆಗಳಿಂದ ಬರುವ ತರುಣರಿಂದಾಗಿ ಹಿಂದಿಯೂ ಕಿವಿಗೆ ಬೀಳುತ್ತದೆ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಇವರಲ್ಲಿ ಮೂರನೆಯ ಎರಡು ಪಾಲಿನಷ್ಟು ಜನರ ತಾಯ್ನುಡಿ ಕನ್ನಡ; ಐದನೆಯ ಒಂದು ಪಾಲಿಗೆ ತುಸು ಕಡಮೆ ಜನರದು ಮರಾಠಿ.

ಈ ಅಂಕೆಗಳೇ ದೀರ್ಘ ವಿವಾದಕ್ಕೆ ಅಸ್ತ್ರಗಳಾದವು. 1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಚಂದಗಡ ಮಾತ್ರ ಮುಂಬಯಿಯಲ್ಲಿಯೇ ಉಳಿಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷವೇ ವರದಿಯಿತ್ತಿತು. ಆದರೂ ವ್ಯಾಜ್ಯ ತೀರದೆ 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಇಂತಹ ಪಾಡು ಬೆಳಗಾವಿಯೊಂದರದೇ ಅಲ್ಲ. ದೂರದ ಉತ್ತರ ಯೂರೋಪಿನಲ್ಲಿ, 1809ರಲ್ಲಿ, ಸ್ವೀಡನ್ ಫಿನ್ಲೆಂಡನ್ನು ರಷ್ಯಕ್ಕೆ ಬಿಟ್ಟುಕೊಟ್ಟಾಗ ಟೋರ್ನೆ ನದಿಯೇ ಗಡಿಯಾಯಿತು. ನದಿಯ ಎರಡೂ ದಡಗಳಲ್ಲಿ ಫಿನ್ನಿಷ್ ನುಡಿಯುವವರಿದ್ದರು. ಸ್ವೀಡನ್ನಿಗೆ ಉಳಿದ ಪಾಜಲದಂತಹ ಪುಟ್ಟ ಊರುಗಳ ಜನ ತಮ್ಮ ನುಡಿಯನ್ನು ಬಿಡಲಿಲ್ಲ. ಅದಕ್ಕೆ ಅಲ್ಪಸಂಖ್ಯಾತರ ಭಾಷೆಯೆಂಬ ಅಧಿಕೃತ ಮನ್ನಣೆ ದೊರೆಯಲು 2000ದವರೆಗೆ ಕಾಯಬೇಕಾಯಿತು. ಗಡಿಯನ್ನು ಒಂದೇ ದಿನದಲ್ಲಿ ಎಳೆಯಬಹುದು. ನಾಲಗೆಯನ್ನು ಹಾಗೆ ಹಂಚಲಾಗದು.

ಬೆಳಗಾವಿಯ ಸೀಮೆಯಲ್ಲಿ ಈ ಮಾತಿಗೆ ಪುರಾವೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇಲ್ಲಿಯ ಕನ್ನಡಿಗರ ಅಡುಗೆಮನೆಯಲ್ಲಿ ತಟ್ಟೆಗೆ ಮರಾಠಿಯಿಂದ ಬಂದ ‘ತಾಟು’ ಎಂಬ ಹೆಸರು. ಮರಾಠಿ ಮನೆಗಳಲ್ಲಿ ಹಿರಿಯರನ್ನು ಕರೆಯುವ ‘ಅಣ್ಣಾ’, ‘ಅಕ್ಕಾ’ಗಳು ಕನ್ನಡದಿಂದ ಹೋದವು. ಕೊಟ್ಟವರು ಲೆಕ್ಕವಿಟ್ಟಿಲ್ಲ, ಪಡೆದವರು ಹಿಂದಿರುಗಿಸಿಲ್ಲ.

ಜನಗಣತಿಯ ಪಟ್ಟಿಯಲ್ಲಿ ತಾಯ್ನುಡಿಗೆ ಒಂದು ಅಂಕಣವಿದೆ. ಅದರ ಮುಂದೆ, ಬಲ್ಲ ಇನ್ನೆರಡು ಭಾಷೆಗಳನ್ನು ಬರೆಯಿಸಲೂ ಅವಕಾಶವಿದೆ. ವಾದಿಸುವವರು ಓದುವುದು ಮೊದಲನೆಯ ಅಂಕಣವನ್ನು. ಸಾಂಬ್ರಾದಂತಹ ಊರುಗಳ ದೈನಂದಿನ ಬಾಳು ನಡೆಯುವುದು ಮೂರರಲ್ಲಿಯೂ. ಮುಂದೆ ಬೆಳಗಾವಿಗೆ ವಿಮಾನದಲ್ಲಿ ಬರುವವರು ನಗರಕ್ಕೆ ಧಾವಿಸುವ ಮುನ್ನ ಈ ಊರಿನಲ್ಲಿ ಅರೆಗಳಿಗೆ ನಿಂತು ಕಿವಿಗೊಟ್ಟರೆ, ಅಂಕೆಗಳು ಹೇಳದ ಜನಗಣತಿಯೊಂದು ಅವರಿಗೆ ಕೇಳಿಸೀತು.