ಹುಕ್ಕೇರಿಯಿಂದ ಮೂಡಲಗಿಗೆ ಸೈಕಲ್ ಸವಾರಿ

ಹುಕ್ಕೇರಿಯಿಂದ ಘಟಪ್ರಭಾ, ಗೋಕಾಕ, ಅಲ್ಲಿಂದ ಮೂಡಲಗಿ. ಬಸ್ಸಿನಲ್ಲಿ ಕುಳಿತರೆ ಒಂದು ನಿದ್ದೆಯ ಹಾದಿ. ಏಳನೇ ತರಗತಿ ಮುಗಿಸಿದ ಮೊಮ್ಮಗನೂ ನಾನೂ ಏಪ್ರಿಲ್ ತಿಂಗಳಲ್ಲಿ ಅದನ್ನು ಸೈಕಲ್ ಮೇಲೆ ಎರಡು ದಿನ ಸಾಗಿದೆವು.

ಬೇಸಿಗೆಯಲ್ಲಿ ಸೈಕಲ್ ಹೊಡೆಯುವವರಿಗೆ ಗಡಿಯಾರವೇ ಗುರು. ಚುಕ್ಕಿ ಕಾಣುವಾಗಲೇ ಹೊರಡಬೇಕು, ಬಿಸಿಲು ಏರುವ ಮೊದಲು ನೆರಳು ಸೇರಬೇಕು. ಸೈಕಲ್ ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್, ಮೈಮೇಲೆ ಬಿಳಿ ಅಂಗಿ. ರಸ್ತೆಯ ಎಡ ಅಂಚಿನಲ್ಲಿ ಮೊಮ್ಮಗ ಮುಂದೆ, ನಾನು ಹಿಂದೆ. ದೊಡ್ಡ ಲಾರಿ ಪಕ್ಕದಲ್ಲಿ ದಾಟಿದರೆ ಅದರ ಗಾಳಿಗೆ ಸೈಕಲ್ ಓಲಾಡುತ್ತದೆ. ಆಗ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ನೇರ ನೋಡಬೇಕು.

ಘಟಪ್ರಭಾ ದಾಟಿದ ಮೇಲೆ ಹುಡುಗನ ಮಾತು ನಿಂತಿತು.

"ಅಜ್ಜಾ, ತಲಿ ನೋಯಾಕತ್ತೈತಿ. ಆದ್ರೂ ಫಾಲ್ಸ್ ನೋಡೇ ನಿಲ್ಲೂಣು" ಎಂದ.

ನಾನು ಬೇವಿನ ಮರದಡಿ ಸೈಕಲ್ ನಿಲ್ಲಿಸಿದೆ. ಬೆವರು ಆರುವಾಗ ಮೈಯ ಕಾವನ್ನು ಒಯ್ಯುತ್ತದೆ, ಆದರೆ ಬೆವರಿನ ಜೊತೆ ನೀರೂ ಉಪ್ಪೂ ಹೋಗುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೈ ಎಚ್ಚರಿಸುತ್ತಿದೆ ಎಂದರ್ಥ. ಮಾತು ತೊದಲಿದರೆ, ಮಂಕು ಕವಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅವನ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿದೆ. ಎದುರು ಮನೆಯ ಅಜ್ಜಿ ಉಪ್ಪು ಹಾಕಿದ ಮಜ್ಜಿಗೆಯನ್ನು ತಂಬಿಗೆ ತುಂಬ ತಂದರು.

"ಸಾವಕಾಶ ಕುಡಿ ತಮ್ಮಾ. ಫಾಲ್ಸ್ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು.

ಅರ್ಧ ಗಂಟೆಯಲ್ಲಿ ಅವನ ಮುಖ ಅರಳಿತು. ಆದರೂ ಇಳಿಹೊತ್ತಿನವರೆಗೆ ನಾವು ಅಲ್ಲಿಂದ ಕದಲಲಿಲ್ಲ.

ಮಳೆಗಾಲದಲ್ಲಿ ಘಟಪ್ರಭಾ ನದಿ ಗೋಕಾಕ ಫಾಲ್ಸ್‌ನಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ. 19ನೇ ಶತಮಾನದಲ್ಲೇ ಈ ನೀರಿನ ಬಲದಿಂದ ಇಲ್ಲಿ ನೂಲಿನ ಗಿರಣಿ ನಡೆಯಿತು. ನಾವು ಹೋದಾಗ ಕಂಡದ್ದು ಬರೀ ಬಂಡೆ, ತೂಗುಸೇತುವೆ.

"ನೀರು ಎಲ್ಲಿ ಹೋತು ಅಜ್ಜಾ?"

ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ನೀರನ್ನು ಕೂಡಿಡುತ್ತದೆ, ಧೂಪದಾಳದ ಒಡ್ಡು ಅದನ್ನು ಎಡದಂಡೆ ಕಾಲುವೆಗೆ ತಿರುಗಿಸುತ್ತದೆ ಎಂದು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ಗೋಕಾಕದ ಕರದಂಟು ಕೈಗೆ ಬಂದ ಮೇಲೆ ಸುಮ್ಮನಾದ.

ಮರುದಿನ ಬೆಳಗ್ಗೆ ಮೂಡಲಗಿ ಹಾದಿಯಲ್ಲಿ ಹಸಿರು ಕಬ್ಬಿನ ಹೊಲ ಕಂಡವು. ಮೊಮ್ಮಗ ಸೈಕಲ್ ನಿಧಾನ ಮಾಡಿ ಕೂಗಿದ:

"ಅಜ್ಜಾ, ನಿನ್ನೆ ಕಾಣದ ನೀರು ಇಲ್ಲೇ ಬಂದೈತಿ ನೋಡು!"