ಮೇಪಲ್ ನೆರಳಿನ ಹನಿಸಕಲ್

ವರ್ಮಾಂಟಿನಲ್ಲಿ ಏಪ್ರಿಲ್ ಕಳೆದು ಮೇ ಬರುವ ಹೊತ್ತು. ಹಿಮ ಕರಗಿದ ಕಾಡಿನಲ್ಲಿ ಮೇಪಲ್ ಮರಗಳು ಇನ್ನೂ ಬೋಳುಬೋಳು. ಆಗ ಎದೆಯೆತ್ತರವೂ ಇರದ ಪೊದೆಯೊಂದು ಹೂ ಬಿಡುತ್ತದೆ. ಅದು ಈ ನೆಲದ್ದೇ ಆದ ಕೆನಡಾ ಹನಿಸಕಲ್. 1785ರಷ್ಟು ಹಿಂದೆಯೇ ಪೆನ್ಸಿಲ್ವೇನಿಯಾದ ಹಂಫ್ರಿ ಮಾರ್ಷಲ್ ತನ್ನ ಮರಗಿಡಗಳ ಪುಸ್ತಕದಲ್ಲಿ ಅದರ ಬಗ್ಗೆ ಬರೆದಿಟ್ಟಿದ್ದ. ತೆಳು ಹಳದಿ ಹೂಗಳು ಒಂದೇ ತೊಟ್ಟಿನಿಂದ ಎರಡೆರಡಾಗಿ, ತಲೆ ತಗ್ಗಿಸಿ ತೂಗುತ್ತವೆ. ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ನೋಡಿದರೇನೇ ಅವುಗಳ ಚೆಲುವು ಕಣ್ಣಿಗೆ ಬೀಳುವುದು. ಚಳಿಗಾಲವನ್ನು ಮಣ್ಣಿನಡಿ ಕಳೆದು ಹಸಿದೆದ್ದ ಬಂಬಲ್‌ಬೀ ರಾಣಿಗೆ ಮಾತ್ರ ಅದನ್ನು ಯಾರೂ ತೋರಿಸಿಕೊಡಬೇಕಿಲ್ಲ.

ನಮಗೋ ಅದರ ಗುರುತು ಸಿಗುವುದು ಕಷ್ಟ. ಅಲಂಕಾರಕ್ಕೆಂದು ಏಷ್ಯಾದಿಂದ ತಂದ ಮಾರೋ, ಟಾಟೇರಿಯನ್ ಹನಿಸಕಲ್‌ಗಳು ಕಾಡಿನಂಚಿಗೆಲ್ಲ ಹಬ್ಬಿವೆ. ಅವು ಕಾಡಿನ ಹೆಚ್ಚಿನ ಗಿಡಗಳಿಗಿಂತ ಮೊದಲೇ ಚಿಗುರುತ್ತವೆ, ಅವುಗಳಿಗಿಂತ ತಡವಾಗಿ ಎಲೆ ಉದುರಿಸುತ್ತವೆ. ನೆಲದ ಪುಟ್ಟ ಹೂಗಿಡಗಳ ಪಾಲಿನ ಬಿಸಿಲನ್ನೂ ಈ ಹನಿಸಕಲ್‌ಗಳೇ ಕಸಿಯುತ್ತವೆ. ಮಾರೋ ಹಣ್ಣಿನ ಬಣ್ಣವೋ, ಗರಿ ಮೂಡುವಾಗ ತಿಂದ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಯ ಹಳದಿ ಬಾಲದಂಚನ್ನೇ ಕಿತ್ತಳೆ ಮಾಡಿಬಿಡುತ್ತದೆ! ವರ್ಮಾಂಟಿನಲ್ಲಿ ಈ ಗಿಡಗಳ ಮಾರಾಟಕ್ಕೆ ನಿಷೇಧವಿದೆ, ಒಳ್ಳೆಯದೇ ಆಯಿತು.

ನಾನು ನಂಬುವ ಗುರುತು ಕಡ್ಡಿಯೊಳಗಿದೆ. ಹಳೆಯ ಕಡ್ಡಿಯೊಂದನ್ನು ಅಡ್ಡ ಕತ್ತರಿಸಿ ನೋಡಿ. ಹೊರಗಿನಿಂದ ಬಂದದ್ದಾದರೆ ನಡುವೆ ಕಂದು ಟೊಳ್ಳು. ಈ ಕಾಡಿನದಾದರೆ ಗಟ್ಟಿಯಾಗಿ ತುಂಬಿದ ಬಿಳಿ ತಿರುಳು. ಇದರ ಎಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಣ್ಣರೆಪ್ಪೆಯಂಥ ರೋಮಗಳು. ಬೇಸಿಗೆಯಲ್ಲಿ ಹಣ್ಣು ನೋಡಿದರಂತೂ ಅನುಮಾನವೇ ಬೇಡ: ಬುಡದಲ್ಲಿ ಕೂಡಿಕೊಂಡು, ತುದಿಯಲ್ಲಿ ಅತ್ತಿತ್ತ ಮುಖ ಮಾಡಿದ ಕೆಂಪು ಜೋಡಿ.

ಬೆಳೆಸುವ ಆಸೆಯಿದ್ದರೆ ಕಾಡಿನ ಗಿಡವನ್ನು ಕೀಳಬೇಡಿ, ನಾಲ್ಕು ಹಣ್ಣು ಸಾಕು. ಹಿಸುಕಿ, ತಿರುಳು ತೊಳೆದು, ಬೀಜವನ್ನು ಎಲೆಗೊಬ್ಬರದ ಮಣ್ಣಿನಲ್ಲಿ ಬಿತ್ತಿ ಕುಂಡವನ್ನು ಹೊರಗೇ ಬಿಡಿ. ಚಳಿಗಾಲದ ಥಂಡಿ ತಿಂದ ಮೇಲೇ ಅದು ಮೊಳೆಯುವುದು. ಸಸಿಗೆ ಬೇಕಾದದ್ದು ನೆರಳು, ತಂಪು, ತೇವ. ಮರದಡಿ ಉದುರಿದ ಎಲೆಗಳನ್ನು ಗುಡಿಸದಿದ್ದರೆ ಗೊಬ್ಬರದ ಚಿಂತೆಯಿಲ್ಲ. ಅದು ಬೆಳೆಯುವುದು ಬಲು ನಿಧಾನ, ಅವಸರಪಡಿಸಿ ಉಪಯೋಗವಿಲ್ಲ. ಕೊಂಬೆ ಸವರುವುದಿದ್ದರೆ ಹೂ ಮುಗಿದ ಮೇಲೆ ಸವರಬೇಕು. ನಾನು ಮಾತ್ರ ಕತ್ತರಿ ತಾಗಿಸುವುದಿಲ್ಲ. ಆ ಜೋಡಿಹಣ್ಣುಗಳು ಹಕ್ಕಿಗಳ ಪಾಲಿನವು.