ಟರ್ಬೊ ಸರಿ ಇತ್ತು, ಒಡೆದದ್ದು ಪೈಪು



ನಮ್ಮ ಯುವಜನ ಸಂಘದ ಹಳೆಯ ಏಳು ಸೀಟಿನ ಟರ್ಬೊ ಡೀಸೆಲ್ ಕಾರು ನಿಮಗೆಲ್ಲ ಗೊತ್ತು. ಗೋದಲಿಗೆ ಹುಲ್ಲು ತರುವುದು, ವಾರ್ಷಿಕ ಹಬ್ಬಕ್ಕೆ ಕುರ್ಚಿ ಸಾಗಿಸುವುದು ಎಲ್ಲ ಅದರಲ್ಲೇ. ಆದರೆ ಅದರ ಮುಖ್ಯ ಕೆಲಸ ಬೇರೆ. ವಾರಕ್ಕೆ ಎರಡು ದಿನ ನಮ್ಮ ವಾಳೆಯ ಬಾಯಮ್ಮ ಒಬ್ಬರನ್ನು ಡಯಾಲಿಸಿಸ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗುವುದು ಅದೇ ಕಾರು. ಕಾಸರಗೋಡಿನ ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಏನೆಂದು ನಾವೆಲ್ಲ ಕಂಡಿದ್ದೇವೆ.

ಮಳೆಗಾಲ ಮುಗಿಯುತ್ತಿದ್ದಂತೆ ಕಾರು ಏರಿನಲ್ಲಿ ಸೋಲತೊಡಗಿತು. ಸಮತಟ್ಟು ರಸ್ತೆಯಲ್ಲಿ ತೊಂದರೆ ಇಲ್ಲ. ಪೆರ್ಲದ ಕಡೆಯ ಏರು ಬಂದರೆ ಪಿಕಪ್ ಇಲ್ಲ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಎಷ್ಟು ಒತ್ತಿದರೂ ಎರಡನೇ ಗೇರಿನಲ್ಲೇ ತೆವಳುತ್ತದೆ. ನಿಲ್ಲಿಸಿ, ಬಂದ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿ. ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಪಿ 0299 ಎಂಬ ಕೋಡ್ ಬಂತು. "ಟರ್ಬೊ ಹೋಗಿದೆ, ನಲವತ್ತೈದು ಸಾವಿರ ಆಗ್ತದೆ" ಎಂದರು.

ನಮ್ಮ ಸಂಘದ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಕಾರನ್ನು ಮಾರಿಬಿಡೋಣ ಎಂಬ ಮಾತೂ ಸಭೆಯಲ್ಲಿ ಬಂತು. ಬಾಯಮ್ಮನ ಮಗ ಫೋನ್ ಮಾಡಿ, "ಬರುವ ವಾರ ಗಾಡಿ ಉಂಟಾ?" ಎಂದು ಕೇಳಿದರು. ಉಂಟು ಎನ್ನುವ ಧೈರ್ಯ ನಮಗಿರಲಿಲ್ಲ, ಇಲ್ಲ ಎನ್ನುವುದೂ ಆಗಲಿಲ್ಲ.

ಆಗ ನಮ್ಮಲ್ಲಿ ಐಟಿಐ ಕಲಿತ ಒಬ್ಬ ತಮ್ಮ ಒಂದು ಮಾತು ಹೇಳಿದ. "ಆ ಕೋಡಿನ ಅರ್ಥ ಟರ್ಬೊದ ಒತ್ತಡ ಸಾಲದು ಅಂತ. ಟರ್ಬೊ ಹಾಳಾಗಿದೆ ಅಂತ ಅಲ್ಲ." ಜ್ವರ ನೂರಾಮೂರು ಇದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಅದು ಮಲೇರಿಯವೋ ಡೆಂಗ್ಯೂವೋ ಎಂದು ಅದು ಹೇಳುವುದಿಲ್ಲ. ಒತ್ತಡ ಕಡಿಮೆಯಾಗಲು ಕಾರಣ ಹಲವು. ಅದರಲ್ಲಿ ತೀರ ಅಗ್ಗದ ಕಾರಣ, ವ್ಯಾಕ್ಯೂಮ್ ಪೈಪ್ ಸೋರುವುದು.

ಇಲ್ಲಿ ನಮ್ಮ ಬಿಎಸ್ಸಿ ಸ್ವಲ್ಪ ಕೆಲಸಕ್ಕೆ ಬಂತು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಬರುವ ದಾರಿಗೆ ಥ್ರಾಟಲ್ ಎಂಬ ಬಾಗಿಲಿದೆ. ಅದು ಮುಚ್ಚಿಕೊಂಡಾಗ ಒಳಗಡೆ ನಿರ್ವಾತ ತಾನಾಗಿಯೇ ಉಂಟಾಗುತ್ತದೆ. ಡೀಸೆಲ್ ಎಂಜಿನ್ನಿನ ವೇಗ ನಿಲ್ಲುವುದು ಇಂಧನದ ಅಳತೆಯ ಮೇಲೆ, ಗಾಳಿಯನ್ನು ತಡೆಯುವುದರ ಮೇಲಲ್ಲ. ಹಾಗಾಗಿ ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮ ಕಾರಿನಲ್ಲಿ ಅದು ಆಲ್ಟರ್ನೇಟರ್‌ನ ಬೆನ್ನಿಗಿದೆ. ಅಲ್ಲಿಂದ ದಪ್ಪ ಪೈಪ್ ಒಂದು ಬ್ರೇಕ್ ಬೂಸ್ಟರ್‌ಗೆ ಹೋಗುತ್ತದೆ. ಸಪೂರ ಪೈಪ್ ಒಂದು ಸೊಲೆನಾಯ್ಡ್ ವಾಲ್ವಿಗೆ, ಅಲ್ಲಿಂದ ಟರ್ಬೊದ ಆಕ್ಚುಯೇಟರ್‌ಗೆ ಹೋಗುತ್ತದೆ. ಆಕ್ಚುಯೇಟರ್ ಎಂದರೆ ಒಳಗೆ ರಬ್ಬರ್ ಪೊರೆ ಇರುವ ಸಣ್ಣ ಡಬ್ಬಿ. ಪೊರೆಯ ಒಂದು ಬದಿಯ ಗಾಳಿ ತೆಗೆದರೆ, ಇನ್ನೊಂದು ಬದಿಯಿಂದ ಹೊರಗಿನ ಗಾಳಿ ಅದನ್ನು ತಳ್ಳುತ್ತದೆ. ಆಗ ಅದಕ್ಕೆ ಸೇರಿದ ಸರಳು ಚಲಿಸಿ ಟರ್ಬೊದ ರೆಕ್ಕೆಗಳನ್ನು ತಿರುಗಿಸುತ್ತದೆ.

ನಿರ್ವಾತ ಎಳೆಯುತ್ತದೆ ಎಂದು ನಾವು ಹೇಳುತ್ತೇವೆ, ನಿಜಕ್ಕೂ ತಳ್ಳುವುದು ವಾತಾವರಣ. ಸಮುದ್ರಮಟ್ಟದಲ್ಲಿ ಅದರ ಒತ್ತಡ 760 ಮಿಲಿಮೀಟರ್ ಪಾದರಸ. ಐದು ಸೆಂಟಿಮೀಟರ್ ವ್ಯಾಸದ ಪೊರೆಯ ಹಿಂದಿನಿಂದ 600 ಮಿಲಿಮೀಟರಿನಷ್ಟು ತೆಗೆದರೆ ಸುಮಾರು 16 ಕೆ.ಜಿ. ಭಾರದಷ್ಟು ತಳ್ಳುವಿಕೆ ಸಿಗುತ್ತದೆ. ಪೈಪಿನಲ್ಲಿ ಸೂಜಿಯಷ್ಟು ಬಿರುಕಿದ್ದರೂ ಆ ಬಲ ಸೋರಿಹೋಗುತ್ತದೆ. ನಮ್ಮ ಕಾರಿನಲ್ಲಿ ನಿರ್ವಾತ ಇಲ್ಲದಿದ್ದರೆ ಆ ರೆಕ್ಕೆಗಳು ತೆರೆದೇ ಇರುತ್ತವೆ, ಟರ್ಬೊ ವೇಗ ಹಿಡಿಯುವುದಿಲ್ಲ. ಕೇಳಿದಷ್ಟು ಒತ್ತಡ ಸಿಗದಿದ್ದಾಗ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಇಳಿಸುತ್ತದೆ. ಅದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ, ಅಂದರೆ ಕುಂಟುನಡಿಗೆ.

ಶನಿವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನಾವು ನಾಲ್ಕು ಜನ ಸೇರಿದೆವು. ಪರಿಚಯದ ಮೆಕ್ಯಾನಿಕ್ ಅಣ್ಣನ ಹತ್ತಿರ ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್ ಕೇಳಿ ತಂದಿದ್ದೆವು. ಮೊದಲು ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಫೋಟೊ ತೆಗೆದು, ಕಾಗದದಲ್ಲಿ ಗೆರೆ ಎಳೆದುಕೊಂಡೆವು.

ಮೊದಲ ಪರೀಕ್ಷೆ ಟರ್ಬೊಕ್ಕೆ. ಆಕ್ಚುಯೇಟರ್‌ನ ಪೈಪ್ ಬಿಡಿಸಿ ಕೈಪಂಪನ್ನು ನೇರ ಅದಕ್ಕೇ ಜೋಡಿಸಿ ಒತ್ತಿದೆವು. ಸರಳು ನುಣ್ಣಗೆ ಚಲಿಸಿತು, ಬಿಟ್ಟಾಗ ಹಿಂದೆ ಬಂತು. ಮುಳ್ಳು 500ರಲ್ಲಿ ಒಂದು ನಿಮಿಷ ಅಲುಗದೆ ನಿಂತಿತು. ಅಂದರೆ ಪೊರೆ ಹರಿದಿಲ್ಲ, ರೆಕ್ಕೆಗಳು ಮಸಿ ಹಿಡಿದು ಸಿಕ್ಕಿಕೊಂಡಿಲ್ಲ. ನಲವತ್ತೈದು ಸಾವಿರದ ಅರ್ಧ ಭಯ ಅಲ್ಲೇ ಹೋಯಿತು.

ಎರಡನೆಯದು ಕಾರಿನ ಪಂಪಿಗೆ. ಎಂಜಿನ್ ಸ್ಟಾರ್ಟ್ ಮಾಡಿ, ಪಂಪಿನಿಂದ ಬರುವ ಪೈಪಿಗೆ ಗೇಜ್ ಹಿಡಿದೆವು. ಮುಳ್ಳು ಬೇಗನೆ 680 ದಾಟಿತು. ಪಂಪ್ ಗಟ್ಟಿ ಇದೆ. ಉಳಿದದ್ದು ನಡುವಿನ ಪೈಪುಗಳು ಮತ್ತು ಸೊಲೆನಾಯ್ಡ್.

ಎಂಜಿನ್ ಬಂದ್ ಮಾಡಿ ಒಂದೊಂದೇ ಪೈಪ್ ತೆಗೆದು, ಒಂದು ತುದಿ ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಗೆ ಕೈಪಂಪ್ ಹಾಕಿದೆವು. ಮೊದಲನೆಯದು ನಿಂತಿತು. ಎರಡನೆಯದೂ ನಿಂತಿತು. ಸೊಲೆನಾಯ್ಡ್‌ನಿಂದ ಟರ್ಬೊಕ್ಕೆ ಹೋಗುವ ಮೂರನೆಯದರಲ್ಲಿ ಮುಳ್ಳು ಮೇಲೇಳಲೇ ಇಲ್ಲ. ಹೊರಗೆ ನೋಡಿದರೆ ಪೈಪ್ ಚೆನ್ನಾಗಿಯೇ ಇತ್ತು. ಬಗ್ಗಿಸಿದಾಗ ಮಾತ್ರ, ಬಿಸಿ ತಗಡಿಗೆ ತಾಗುತ್ತಿದ್ದ ಕಡೆ, ಕೆಳಬದಿಯಲ್ಲಿ ಬಿರುಕು ಬಾಯಿಬಿಟ್ಟಿತು. ವರ್ಷಗಟ್ಟಲೆ ಬಿಸಿ ಮತ್ತು ಎಣ್ಣೆ ತಿಂದ ರಬ್ಬರ್ ಗಡಸಾಗಿ ಸೀಳಿತ್ತು.

ಹೊಸ ಪೈಪ್ ಕೊಳ್ಳುವಾಗ ನಾಲ್ಕು ವಿಷಯ ನೋಡಬೇಕು. ಒಳಗಿನ ಅಳತೆ ಹಳೆಯದಕ್ಕೆ ಸರಿಯಾಗಿರಬೇಕು. ನಮ್ಮದು 4 ಮಿ.ಮೀ. ಸಡಿಲವಾದರೆ ಕ್ಲಿಪ್ ಬಿಗಿದರೂ ಸೋರುತ್ತದೆ. ಗೋಡೆ ದಪ್ಪ ಇರಬೇಕು. ಮೀನಿನ ತೊಟ್ಟಿಯ ಟ್ಯೂಬಿನಂಥದ್ದು ಬಿಸಿಯಾದಾಗ ಒಳಗೆ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚುತ್ತದೆ. ಬಿಸಿ ತಾಳಬೇಕು. ಎಣ್ಣೆಯನ್ನೂ ತಾಳಬೇಕು. ಬಣ್ಣಬಣ್ಣದ ಸಿಲಿಕೋನ್ ಪೈಪ್ ಬಿಸಿಗೆ ಒಳ್ಳೆಯದು, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಪಂಪಿಗೆ ಎಂಜಿನ್ ಆಯಿಲ್ ಹೋಗುವುದರಿಂದ ಪೈಪಿನಲ್ಲಿ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಅದಕ್ಕೆ ನಾವು ಎರಡನ್ನೂ ತಾಳುವ ರಬ್ಬರ್ ಪೈಪನ್ನೇ ತಂದೆವು. ಎಲ್ಲ ಸೇರಿ 350 ರೂಪಾಯಿ.

ಒಂದು ಪೈಪ್ ತೆಗೆದು, ಅದೇ ಉದ್ದಕ್ಕೆ ಹೊಸದು ಕತ್ತರಿಸಿ ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿದೆವು. ಎಲ್ಲವನ್ನೂ ಒಟ್ಟಿಗೆ ಬಿಡಿಸಿದರೆ ಸೊಲೆನಾಯ್ಡ್‌ನ ಮೂರು ಬಾಯಿಗಳಲ್ಲಿ ಯಾವುದಕ್ಕೆ ಯಾವುದು ಎಂದು ಗೊಂದಲವಾಗುತ್ತದೆ. ಬಿಸಿ ತಗಡಿನಿಂದ ದೂರ ಎಳೆದು ಕೇಬಲ್ ಟೈ ಕಟ್ಟಿದೆವು.

ಬ್ರೇಕಿಗೂ ಇದೇ ಪಂಪಿನಿಂದಲೇ ನಿರ್ವಾತ. ಬೂಸ್ಟರ್‌ನ ಪೈಪ್ ಒಡೆದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದನ್ನು ನೋಡಲು ಉಪಕರಣ ಬೇಡ. ಎಂಜಿನ್ ಬಂದ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿ ಮಾಡಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಕಾರನ್ನು ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್‌ನ್ನೇ ಕರೆಸಿ. ನಮ್ಮದು ಇಳಿಯಿತು.

ಕೋಡ್ ಅಳಿಸಿ, ಐದು ಜನ ಕೂತು ಪೆರ್ಲದ ಏರು ಹತ್ತಿಸಿದೆವು. ಕೇಳಿದ ಒತ್ತಡ, ಸಿಕ್ಕಿದ ಒತ್ತಡ ಎರಡೂ ಸ್ಕ್ಯಾನರಿನಲ್ಲಿ ಜೊತೆಜೊತೆಗೇ ಏರಿದವು. ದೀಪ ಹೊತ್ತಲಿಲ್ಲ. ಬಾಯಮ್ಮನ ಮಗನಿಗೆ ಫೋನ್ ಮಾಡಿ, "ಗಾಡಿ ಉಂಟು, ಐದೂವರೆಗೆ ರೆಡಿ ಇರಿ" ಎಂದೆವು. ಬಾಯಮ್ಮನೇ ಫೋನ್ ತೆಗೆದುಕೊಂಡು, "ಮಕ್ಕಳೇ, ನನ್ನಿಂದಾಗಿ ನಿಮಗೆ ಎಷ್ಟು ಖರ್ಚಾಯಿತು?" ಎಂದು ಕೇಳಿದರು. ಮುನ್ನೂರೈವತ್ತು ಎಂದರೆ ಅವರು ನಂಬಲಿಲ್ಲ.

ಯಾರಾದರೂ "ಇದು ಹೋಗಿದೆ" ಎಂದರೆ, "ಯಾವ ಪರೀಕ್ಷೆಯಿಂದ ಗೊತ್ತಾಯಿತು?" ಎಂದು ಮರ್ಯಾದೆಯಿಂದಲೇ ಕೇಳೋಣ. ನಿಜವಾಗಿ ಟರ್ಬೊ ಹೋಗಿದ್ದರೆ ಪರೀಕ್ಷೆ ಅದನ್ನೂ ಹೇಳುತ್ತಿತ್ತು, ಆಗ ಹಣ ಹೊಂದಿಸಲು ನಾವು ಮನೆಮನೆಗೆ ಹೋಗುತ್ತಿದ್ದೆವು. ಈಗ ಸಂಘಕ್ಕೆ ನಮ್ಮದೇ ಒಂದು ಕೈಪಂಪ್ ಕೊಂಡಿದ್ದೇವೆ, ಕಾರಿನಲ್ಲಿ ಒಂದು ಪುಸ್ತಕ ಇಟ್ಟು ಯಾವ ಪೈಪ್ ಯಾವ ದಿನ ಹಾಕಿದ್ದು ಎಂದು ಬರೆದಿದ್ದೇವೆ. ನಿಮ್ಮ ಮನೆಯ ಹಳೆಯ ಡೀಸೆಲ್ ಕಾರು ಏರಿನಲ್ಲಿ ಸೋಲುತ್ತಿದ್ದರೆ ಭಾನುವಾರ ಪೂಜೆಯ ನಂತರ ತನ್ನಿ. ಬಾನೆಟ್ ಎತ್ತಿ ಜೊತೆಗೇ ನೋಡೋಣ.